ನಾಣ್ಯ ಖರೆ, ಗಡಿಯಾರ ಖೊಟ್ಟಿ

ಅಂಗೈಯಲ್ಲಿ ಇಟ್ಟುಕೊಂಡರೆ ಬರೀ ನಾಣ್ಯ. ಅಮೆರಿಕದ ಇಪ್ಪತ್ತು ಡಾಲರಿನ ಬಂಗಾರದ ನಾಣ್ಯ: ಒಂದು ಮುಖದಲ್ಲಿ ಸ್ವಾತಂತ್ರ್ಯದೇವಿ, ಇನ್ನೊಂದರಲ್ಲಿ ಹದ್ದು. ಅಂಚಿನ ಗೀರುಗಳ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಜಾಗದಲ್ಲಿ ಉಗುರಿನಿಂದ ಒತ್ತಿದರೆ ಆ ನಾಣ್ಯವೇ ಎರಡಾಗಿ ತೆರೆದುಕೊಳ್ಳುತ್ತದೆ. ಒಳಗೆ ಡಯಲ್ಲು, ಎರಡು ಮುಳ್ಳು, ಓಡುತ್ತಿರುವ ಗಡಿಯಾರ. ಮುಚ್ಚಿದರೆ ಮತ್ತೆ ನಾಣ್ಯ. ಕಾರ್ತಿಯೆ, ಪಿಯಾಜೆ, ವಾಶೆರೋನ್ ಕಾನ್‌ಸ್ಟಂಟಿನ್, ಪಾಟೆಕ್ ಫಿಲಿಪ್‌ನಂಥ ಹೆಸರಾಂತ ಮನೆತನಗಳು ಕಳೆದ ಶತಮಾನದಲ್ಲಿ ಮಾಡಿದ ಈ ಜಾತಿಯ ಗುಪ್ತ ವಾಚುಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ.

ಇನ್ನೊಂದು ಜಾತಿಯಲ್ಲಿ ಬಚ್ಚಿಡುವುದೇನೂ ಇಲ್ಲ. ನಾಣ್ಯವನ್ನು ಅಡ್ಡಕ್ಕೆ ಸೀಳಿ, ಒಂದು ಹೋಳನ್ನು ಡಯಲ್ಲಾಗಿ, ಇನ್ನೊಂದನ್ನು ಬೆನ್ನಿನ ಮುಚ್ಚಳವಾಗಿ ಮಾಡಿ, ನಡುವೆ ಮಷೀನು ಕೂರಿಸಿ ಕೈಗೆ ಕಟ್ಟುವ ವಾಚು ಮಾಡುತ್ತಾರೆ. ಮುಳ್ಳುಗಳು ನೇರವಾಗಿ ದೇವಿಯ ಕೆನ್ನೆಯ ಮೇಲೋ ಹದ್ದಿನ ರೆಕ್ಕೆಯ ಮೇಲೋ ತಿರುಗುತ್ತವೆ. ಇದಕ್ಕೆ ಹೆಸರಾದದ್ದು ಸ್ವಿಟ್ಜರ್ಲೆಂಡಿನ ಲಾ ಶೋ ದ ಫೋನ್ ಊರಿನ ಕೋರಮ್ ಕಂಪನಿ. ಅವರು 1955ರಲ್ಲಿ ಶುರುವಾದವರು, ನಾಣ್ಯದ ವಾಚನ್ನು 1964ರಲ್ಲಿ ಹೊರತಂದರು.

ಮೂರನೆಯದು ನಮ್ಮ ಕಡೆ ಹೆಚ್ಚು ಕಾಣುವಂಥದ್ದು. ವಿಕ್ಟೋರಿಯಾ ರಾಣಿಯದೋ ಜಾರ್ಜ್ ದೊರೆಯದೋ ಬೆಳ್ಳಿ ರೂಪಾಯಿಗೆ ನಟ್ಟನಡುವೆ ತೂತು ಕೊರೆದು, ಹಿಂದೆ ಒಂದು ಮಷೀನು ಅಂಟಿಸಿ, ಮೇಲೆ ಮುಳ್ಳು ಹಾಕಿ ಮಾಡಿದ ವಾಚು. ಬಳ್ಳಾರಿಯಲ್ಲಿ, ಹೊಸಪೇಟೆಯಲ್ಲಿ, ಗಂಗಾವತಿಯಲ್ಲಿ, ರಾಯಚೂರಿನಲ್ಲಿ ಹಳೆಯ ಸಾಮಾನು ಕೊಂಡು ಮಾರುವವರ ಹತ್ತಿರ ಇಂಥವು ಬರುತ್ತಲೇ ಇರುತ್ತವೆ. ತಂದವರು ಕೇಳುವ ಪ್ರಶ್ನೆ ಒಂದೇ: "ಇದು ಖರೇ ಐತೇನ್ರಿ?"

ಆ ಪ್ರಶ್ನೆ ಅರ್ಧ ಪ್ರಶ್ನೆ. ಯಾವುದು ಖರೇ ಎಂದು ಕೇಳಬೇಕು. ನಾಣ್ಯ ಖರೇನೋ, ಮಷೀನು ಖರೇನೋ, ಈ ಎರಡನ್ನೂ ಒಂದು ಮಾಡಿದ ಕೈ ಯಾವುದು, ಯಾವಾಗ? ಮೂರಕ್ಕೂ ಬೇರೆ ಬೇರೆ ಉತ್ತರ ಬರಬಹುದು. ಅಪ್ಪಟ ಬಂಗಾರದ ಅಪ್ಪಟ ನಾಣ್ಯದೊಳಗೆ ಅಪ್ಪಟ ಸ್ವಿಸ್ ಮಷೀನು ಇದ್ದೂ ಇಡೀ ವಾಚು ಖೊಟ್ಟಿ ಆಗಿರಬಹುದು, ಯಾಕೆಂದರೆ ಡಯಲ್ಲಿನ ಮೇಲಿರುವ ಹೆಸರಿನವರು ಅದನ್ನು ಮಾಡಿಯೇ ಇಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಉಳಿದ ಪರೀಕ್ಷೆಗಳೆಲ್ಲ ಸುಲಭವಾಗುತ್ತವೆ.

ಮೊದಲು ಇದನ್ನು ಮಾಡುವುದು ಎಷ್ಟು ಕಷ್ಟ ಎಂಬುದನ್ನು ನೋಡೋಣ, ಯಾಕೆಂದರೆ ಖೊಟ್ಟಿ ಮಾಡುವವರು ಸೋಲುವುದು ಅಲ್ಲೇ. ಇಪ್ಪತ್ತು ಡಾಲರಿನ ನಾಣ್ಯದ ಅಗಲ 34 ಮಿಲಿಮೀಟರ್, ದಪ್ಪ ಸುಮಾರು 2.4 ಮಿಲಿಮೀಟರ್. ಅದರೊಳಗೆ ಗಾಲಿ, ಸ್ಪ್ರಿಂಗು, ಬ್ಯಾಲೆನ್ಸು, ಡಯಲ್ಲು, ಮುಳ್ಳು, ಅದರ ಮೇಲೆ ಗಾಜು, ಗಾಜಿನ ಮೇಲೆ ಮುಚ್ಚಳ ಎಲ್ಲ ಅಡಗಬೇಕು. ಇದು ಸಾಧ್ಯವಾದದ್ದು ಅತಿ ತೆಳು ಮಷೀನುಗಳಿಂದ. ಲೆಕೂಲ್ಟ್ರ್ ಕಾರ್ಖಾನೆ 1907ರಲ್ಲೇ 1.38 ಮಿಲಿಮೀಟರ್ ದಪ್ಪದ ಮಷೀನು ಮಾಡಿತ್ತು. ಒಡೆಮಾರ್ ಪಿಗೆಯವರ 2003 ಎಂಬ ಮಷೀನು, ವಾಶೆರೋನ್‌ನವರ 1003 ಎಂಬುದು, ಎರಡೂ 1.64 ಮಿಲಿಮೀಟರ್. ಪಿಯಾಜೆಯವರು 1957ರಲ್ಲಿ ತಂದ 9ಪಿ ಎಂಬ ಮಷೀನು 2 ಮಿಲಿಮೀಟರ್. ಇವನ್ನು ಜೋಡಿಸುವ ಕೈಗಳು ಲೋಕದಲ್ಲೇ ಬೆರಳೆಣಿಕೆಯಷ್ಟಿದ್ದವು.

ಇಷ್ಟು ತೆಳು ಮಷೀನಾದರೂ ಒಂದು ನಾಣ್ಯದ ದಪ್ಪದೊಳಗೆ ಎಲ್ಲವನ್ನೂ ಮುಚ್ಚುವುದು ದುಸ್ತರ. ಹಾಗಾಗಿ ಎರಡು ನಾಣ್ಯ ಬಳಸುವುದೂ ಉಂಟು. ಒಂದರ ಮುಂಬದಿ, ಇನ್ನೊಂದರ ಹಿಂಬದಿ ತೆಗೆದು, ಒಳಗಿನಿಂದ ಕೊರೆದು ಕೂಡಿಸುತ್ತಾರೆ. ಆದ್ದರಿಂದ ಇಂಥ ವಾಚು ಮೂಲ ನಾಣ್ಯಕ್ಕಿಂತ ತುಸು ದಪ್ಪವಿದ್ದರೆ ಅದು ದೋಷವಲ್ಲ. ಆದರೆ ಎರಡು ನಾಣ್ಯದಷ್ಟು ಉಬ್ಬಿದ್ದರೆ, ಅಂಚಿನಲ್ಲಿ ಕೆಲಸ ಒರಟಾಗಿ ಕಂಡರೆ, ಒಳಗಿರುವುದು ತೆಳು ಮಷೀನಲ್ಲ, ಯಾವುದೋ ಸಾಧಾರಣ ಲೇಡೀಸ್ ವಾಚಿನದು ಎಂದು ತೆರೆಯುವ ಮೊದಲೇ ಊಹಿಸಬಹುದು.

ಅಮೆರಿಕದ ನಾಣ್ಯ ಸ್ವಿಸ್ಸರ ಕೈಗೆ ಹೇಗೆ ಬಂತು? ಆ ದೇಶ ಇಪ್ಪತ್ತು ಡಾಲರಿನ ನಾಣ್ಯವನ್ನು 1850ರಿಂದ 1933ರವರೆಗೆ ಜನಬಳಕೆಗೆ ಟಂಕಿಸಿತು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆದೇಶ ಹೊರಡಿಸಿ ಜನರಿಂದ ಬಂಗಾರದ ನಾಣ್ಯಗಳನ್ನು ವಾಪಸು ಪಡೆದರು; ಅಲ್ಲಿದ್ದವು ರಾಶಿರಾಶಿ ಕರಗಿದವು. ಆದರೆ ವ್ಯಾಪಾರದ ಲೆಕ್ಕದಲ್ಲಿ ಅದಾಗಲೇ ಯುರೋಪಿಗೆ ಹೋಗಿ ಬ್ಯಾಂಕುಗಳ ತಿಜೋರಿ ಸೇರಿದ್ದವು ಉಳಿದುಕೊಂಡವು. ವಾಚು ಮಾಡುವವರಿಗೆ ಸಿಕ್ಕಿದ್ದು ಅಂಥ ನಾಣ್ಯಗಳು.

ಇಲ್ಲಿಂದಲೇ ಮೊದಲ ಎಚ್ಚರಿಕೆ ಹುಟ್ಟುತ್ತದೆ. ನಾಣ್ಯದ ಮೇಲಿನ ಇಸವಿ ನಾಣ್ಯದ ಇಸವಿ, ವಾಚಿನದಲ್ಲ. ಡಯಲ್ಲಿನ ಮೇಲೆ 1904 ಎಂದಿದ್ದರೆ ಮಾರುವವರು "ನೂರು ವರ್ಷದ ವಾಚು" ಎನ್ನುತ್ತಾರೆ. ಕೋರಮ್‌ನವರ ಯಾವ ನಾಣ್ಯದ ವಾಚಿಗೂ 1964ಕ್ಕಿಂತ ಹೆಚ್ಚು ವಯಸ್ಸಿರಲು ಸಾಧ್ಯವಿಲ್ಲ, ನಾಣ್ಯ ಯಾವ ಕಾಲದ್ದೇ ಇರಲಿ. ಇನ್ನೊಂದು ಮಾತು: 1904ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯೊಂದೇ ಈ ನಾಣ್ಯವನ್ನು 60 ಲಕ್ಷಕ್ಕೂ ಹೆಚ್ಚು ಅಚ್ಚು ಹಾಕಿತು. ವಾಚಿಗಾಗಿ ಗರಗಸ ಬಿದ್ದದ್ದು ಹೀಗೆ ಹೇರಳವಾಗಿದ್ದ ಇಸವಿಗಳ ಮೇಲೆ. ಅಪರೂಪದ ಇಸವಿಯ ನಾಣ್ಯವನ್ನು ತಿಳಿದವರು ಯಾರೂ ಕೊಯ್ಯುವುದಿಲ್ಲ. ಹಾಗಾಗಿ "ನಾಣ್ಯವೂ ಅಪರೂಪ, ವಾಚೂ ಅಪರೂಪ" ಎಂಬ ಮಾತು ಕೇಳಿದ ಕೂಡಲೇ ಸಂಶಯ ಪಡಬೇಕು. 1933ರ ಇಸವಿ ಇರುವ ನಾಣ್ಯದ ವಾಚು ಎಂದು ಯಾರಾದರೂ ತೋರಿಸಿದರೆ ಸಂಶಯವೂ ಬೇಡ: ಆ ವರ್ಷ ಅಚ್ಚಾದ 4,45,500 ನಾಣ್ಯಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕರಗಿಹೋದವು, ಖಾಸಗಿಯಾಗಿ ಇಟ್ಟುಕೊಳ್ಳಲು ಕಾನೂನು ಒಪ್ಪಿದ್ದು ಒಂದೇ ಒಂದನ್ನು. ಅದು 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಹರಾಜಾಯಿತು.

ಕೊಯ್ದ ಮೇಲೆ ನಾಣ್ಯ ನಾಣ್ಯವಾಗಿ ಸತ್ತಂತೆಯೇ. ನಾಣ್ಯ ಸಂಗ್ರಾಹಕರು ಅದಕ್ಕೆ ಬೆಲೆ ಕಟ್ಟುವುದಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಲೆಕ್ಕ ಹಾಕುವಾಗ ನಾಣ್ಯದ ಬೆಲೆ, ಅದರ ಮೇಲೆ ವಾಚಿನ ಬೆಲೆ ಎಂದು ಕೂಡಿಸಿಬಿಡುತ್ತಾರೆ. ಇಡೀ ನಾಣ್ಯದ ತೂಕ 33.436 ಗ್ರಾಂ, ಅದರಲ್ಲಿ ಶುದ್ಧ ಬಂಗಾರ ಸುಮಾರು 30.09 ಗ್ರಾಂ. ವಾಚಾದ ಮೇಲೆ ಒಳಗಿನ ಬಂಗಾರ ಕೊರೆದು ಹೋಗಿರುತ್ತದೆ. ಉಳಿದದ್ದೆಷ್ಟು ಎಂಬುದು ಮಷೀನು ಹೊರಗೆ ತೆಗೆದು ತೂಗಿದಾಗಲೇ ಗೊತ್ತಾಗುವುದು. ಮಷೀನು ಸಮೇತ ತಕ್ಕಡಿಗೆ ಹಾಕಿ ಬಂಗಾರದ ದರದಲ್ಲಿ ಗುಣಿಸಿ ಕೊಟ್ಟವರು ಉಕ್ಕಿಗೂ ಹಿತ್ತಾಳೆಗೂ ಬಂಗಾರದ ದುಡ್ಡು ಕೊಟ್ಟಂತಾಯಿತು.

ಈಗ ನಾಣ್ಯದ ಪರೀಕ್ಷೆ. ಹಟ್ಟಿ ಬಂಗಾರದ ಗಣಿ ಇರುವ ರಾಯಚೂರು ಜಿಲ್ಲೆಯಲ್ಲಿ ಬಂಗಾರ ಬಲ್ಲ ಪತ್ತಾರರಿಗೆ ಬರವಿಲ್ಲ. ಆದರೆ ಅವರ ಕೈಗೆ ಕೊಡುವಾಗ ಒಂದು ಮಾತು ಮೊದಲೇ ಹೇಳಬೇಕು: ಒರೆಗಲ್ಲಿಗೆ ಉಜ್ಜಬೇಡಿ, ಆಸಿಡ್ ಹಾಕಬೇಡಿ. ಅಂಚಿನ ಗೀರುಗಳು ಸವೆದರೆ ಅದರೊಳಗೆ ಅಡಗಿರುವ ಕೂಡುಗೆರೆ ಬಯಲಾಗುತ್ತದೆ, ವಾಚಿನ ಬೆಲೆ ಅಲ್ಲೇ ಇಳಿಯುತ್ತದೆ. ನೀರಿನಲ್ಲಿ ತೂಗಿ ಸಾಂದ್ರತೆ ನೋಡುವ ಹಳೆಯ ವಿಧಾನ ಗಟ್ಟಿ ನಾಣ್ಯಕ್ಕೆ ಸರಿ. ಒಳಗೆ ಗಾಳಿಯೂ ಗಡಿಯಾರವೂ ಇರುವ ನಾಣ್ಯಕ್ಕೆ ಅದು ಅನರ್ಥ.

ಈಗ ದೊಡ್ಡ ಆಭರಣದ ಅಂಗಡಿಗಳಲ್ಲೆಲ್ಲ ಇರುವ, ಬಂಗಾರದ ಪಾಲು ಓದುವ ಕ್ಯಾರೆಟ್ ಮಷೀನು ಇಲ್ಲಿ ನಿಜವಾದ ಸಹಾಯ ಮಾಡುತ್ತದೆ. ಅಮೆರಿಕದ ಬಂಗಾರದ ನಾಣ್ಯದಲ್ಲಿ ಸಾವಿರಕ್ಕೆ 900 ಪಾಲು ಬಂಗಾರ, ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ತಾಮ್ರ. ನಮ್ಮ ಒಡವೆಯ ಬಂಗಾರ 916. ಡಾಲರಿನ ನಾಣ್ಯವೆಂದು ತಂದದ್ದಕ್ಕೆ ಮಷೀನು 916 ತೋರಿಸಿ, ಜೊತೆಗೆ ಒಂದಿಷ್ಟು ಬೆಳ್ಳಿಯನ್ನೂ ತೋರಿಸಿದರೆ, ಅದು ಒಡವೆಯ ಬಂಗಾರದಲ್ಲಿ ಇಲ್ಲೇ ಎಲ್ಲೋ ಅಚ್ಚು ಹಾಕಿದ್ದು ಎಂದೇ ನನ್ನ ತೀರ್ಮಾನ. ಬಂಗಾರ ಹೆಚ್ಚಿದೆಯಲ್ಲ ಎಂದು ಸಂತೋಷಪಡುವ ಹಾಗಿಲ್ಲ. ಇಲ್ಲಿ ಹೆಚ್ಚಿದ್ದರೂ ತಪ್ಪು, ಕಡಿಮೆ ಇದ್ದರೂ ತಪ್ಪು. ಬ್ರಿಟಿಷ್ ಸವರನ್ನಿನ ವಿಷಯ ಬೇರೆ. ಅದು 22 ಕ್ಯಾರೆಟ್, 7.988 ಗ್ರಾಂ, ಅಗಲ 22 ಮಿಲಿಮೀಟರ್. 1918ರಲ್ಲಿ ಮುಂಬಯಿ ಟಂಕಸಾಲೆಯೂ ಸವರನ್ನು ಹಾಕಿತ್ತು. ಅದರ ಮೇಲೆ ಇಂಗ್ಲಿಷಿನ ಐ ಅಕ್ಷರದ ಸಣ್ಣ ಗುರುತಿದೆ. ನಮ್ಮ ಕಡೆಯ ಹಳೆಯ ಸರಗಳಲ್ಲಿ ಸವರನ್ನುಗಳಿಗೆ ಕೊಂಡಿ ಬೆಸೆದಿರುತ್ತಾರೆ. ಕೊಂಡಿ ಕಿತ್ತು ಮೆರುಗು ಕೊಟ್ಟ ನಾಣ್ಯವನ್ನು ವಾಚಿಗೆ ಹಾಕಿದ್ದರೆ ಅಂಚಿನ ಆ ಜಾಗದಲ್ಲಿ ಗೀರುಗಳು ಮಾಸಿ ಬಣ್ಣ ತುಸು ಬದಲಾಗಿರುತ್ತದೆ. ಹಾಗಿದ್ದರೆ ನಾಣ್ಯ ಖರೇ, ಆದರೆ ಅದು ಸ್ವಿಸ್ ಕಾರ್ಖಾನೆಯಿಂದ ಬಂದ ವಾಚಲ್ಲ, ಸರದಿಂದ ಬಿಚ್ಚಿ ಮಾಡಿದ ವಾಚು.

ಕ್ಯಾರೆಟ್ ಮಷೀನಿಗೂ ಮಿತಿಯಿದೆ. ಅದು ನೋಡುವುದು ಮೇಲಿನ ತೆಳುವಾದ ಪದರವನ್ನಷ್ಟೆ. ಬಂಗಾರದ ದಪ್ಪ ಲೇಪ ಕೊಟ್ಟಿದ್ದರೆ ಅದನ್ನೇ ಬಂಗಾರ ಎಂದು ಹೇಳಿಬಿಡಬಹುದು. ಆದ್ದರಿಂದ ಮುಚ್ಚಳದ ಒಳಮೈ, ಅಂಚು, ಮುಖ, ಮೂರು ಕಡೆಯೂ ಓದಿಸಿ ನೋಡಬೇಕು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು: ಸರಿಯಾದ ಬಂಗಾರದಲ್ಲೇ ಮಾಡಿದ ಖೊಟ್ಟಿ ನಾಣ್ಯಗಳಿವೆ. 1950–60ರ ದಶಕಗಳಲ್ಲಿ ಲೆಬನಾನಿನಲ್ಲಿ ಸವರನ್ನುಗಳನ್ನೂ ಡಾಲರ್ ನಾಣ್ಯಗಳನ್ನೂ ಒಳ್ಳೆಯ ಬಂಗಾರದಲ್ಲೇ ಅಚ್ಚು ಹಾಕಿ ಹರಡಿದರು. 1907ರ ಎತ್ತರದ ಉಬ್ಬಿನ ಇಪ್ಪತ್ತು ಡಾಲರ್ ನಾಣ್ಯದ ಒಂದು ನಕಲಿಯಂತೂ ಪರಿಣಿತರನ್ನೇ ಮೋಸಗೊಳಿಸಿತು. ಅದನ್ನು ಮಾಡಿದವನು ಹದ್ದಿನ ಉಗುರಿನೊಳಗೆ ಗ್ರೀಕಿನ ಒಮೆಗಾ ಅಕ್ಷರವನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕೆತ್ತಿದ್ದ. ಇಂಥದ್ದನ್ನು ಹಿಡಿಯುವುದು ಕ್ಯಾರೆಟ್ ಮಷೀನಲ್ಲ, ಲೆನ್ಸು. ಅಕ್ಷರಗಳ ಬುಡ ಹರಿತವಾಗಿದೆಯೇ, ಬಯಲು ಜಾಗದಲ್ಲಿ ಗುಳ್ಳೆಯಂಥ ಉಬ್ಬುಗಳಿವೆಯೇ, ಕೂದಲಿನ ಗೆರೆಗಳು ಕರಗಿದಂತೆ ಮೊಂಡಾಗಿವೆಯೇ ಎಂದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ನೋಡಬೇಕು. ಅಂಚನ್ನು ಮರೆಯಬಾರದು. 1907ರವರೆಗಿನ ಸ್ವಾತಂತ್ರ್ಯದೇವಿಯ ಮುಖದ ನಾಣ್ಯಕ್ಕೆ ಅಂಚಿನಲ್ಲಿ ಬರೀ ಗೀರು. ಅದೇ ವರ್ಷ ಶುರುವಾದ, ದೇವಿ ನಿಂತಿರುವ, ಶಿಲ್ಪಿ ಸೇಂಟ್ ಗಾಡೆನ್ಸ್ ವಿನ್ಯಾಸದ ನಾಣ್ಯಕ್ಕೆ ಅಂಚಿನಲ್ಲಿ ಅಕ್ಷರಗಳೂ ನಡುನಡುವೆ ನಕ್ಷತ್ರಗಳೂ. ನಿಂತ ದೇವಿಯ ಗುಪ್ತ ವಾಚಿಗೆ ಬರೀ ಗೀರಿನ ಅಂಚಿದ್ದರೆ ಆ ಅಂಚು ಮೂಲ ನಾಣ್ಯದ್ದಲ್ಲ. ಕಾರ್ಖಾನೆಯೇ ಹೊಸ ಅಂಚು ಕೂಡಿಸಿರಬಹುದು, ಬೇರೆ ಯಾರೋ ಮಾಡಿರಬಹುದು, ಕೇಳದೆ ಬಿಡಬಾರದು.

ಮಷೀನಿನ ವಿಷಯಕ್ಕೆ ಬಂದರೆ, ತೆರೆಯದೆ ತೀರ್ಪಿಲ್ಲ. ಡಯಲ್ಲಿನ ಮೇಲಿನ ಹೆಸರನ್ನು ಎಲ್ಲಕ್ಕಿಂತ ಕೊನೆಗೆ ನಂಬಬೇಕು. ಡಯಲ್ಲಿಗೆ ಹೊಸ ಬಣ್ಣ ಬಳಿದು ಬೇಕಾದ ಹೆಸರು ಬರೆಯುವುದು ನಮ್ಮ ದೇಶದಲ್ಲಿ ದೊಡ್ಡ ದಂಧೆ. ಎಚ್‌ಎಂಟಿ ಪೈಲಟ್ ಕೊಳ್ಳಲು ಹೋದವರಿಗೆ ಇದು ಗೊತ್ತಿರುತ್ತದೆ. ಹಳೆಯ ಮಷೀನು, ಹಳೆಯ ಕೇಸು, ಮೇಲೆ ಮುಂಬಯಿಯಲ್ಲಿ ಬಳಿದ ಹೊಸ ಡಯಲ್ಲು. ನೂರಾರು ರೂಪಾಯಿಯ ವಾಚಿಗೇ ಇಷ್ಟು ಕೆಲಸ ನಡೆಯುವಾಗ ಲಕ್ಷಗಟ್ಟಲೆಯ ವಾಚಿಗೆ ಹೆಸರು ಬರೆಯುವವರು ಸಿಗದೆ ಇರುತ್ತಾರೆಯೇ? ಒಳಗೆ ಮಷೀನಿನ ಮೇಲೆ ಕಂಪನಿಯ ಹೆಸರು, ಮಾದರಿಯ ಸಂಖ್ಯೆ, ಕಲ್ಲುಗಳ ಸಂಖ್ಯೆ, ಕ್ರಮಸಂಖ್ಯೆ ಕೆತ್ತಿರುತ್ತವೆ. ಒಳಗಿನ ಕೇಸಿನಲ್ಲೂ ಸಂಖ್ಯೆ, ಸ್ವಿಸ್ ಬಂಗಾರದ ಮುದ್ರೆ ಇರಬಹುದು. ಕೆತ್ತಿದ ಅಕ್ಷರಗಳ ಅಂಚು ಹರಿತ, ಆಳ ಒಂದೇ ಸಮ ಇರಬೇಕು. ಒಳ್ಳೆಯ ಮನೆತನದ ಮಷೀನಿನಲ್ಲಿ ಕಣ್ಣಿಗೆ ಬೀಳದ ಮೂಲೆಗಳಿಗೂ ಮೆರುಗು ಕೊಟ್ಟಿರುತ್ತಾರೆ. ಸ್ಕ್ರೂಗಳ ತಲೆ ಕನ್ನಡಿಯಂತಿರುತ್ತದೆ. ಸ್ಕ್ರೂ ತಲೆಗಳು ಕಿತ್ತುಹೋಗಿದ್ದರೆ ಅದು ಹಲವರ ಕೈ ಹಾದುಬಂದ ಮಷೀನು.

ಇಲ್ಲೊಂದು ಸೂಕ್ಷ್ಮ. ಡಯಲ್ಲಿನ ಮೇಲೊಂದು ಹೆಸರು, ಮಷೀನಿನ ಮೇಲೆ ಇನ್ನೊಂದು ಹೆಸರು ಇದ್ದ ಮಾತ್ರಕ್ಕೆ ಖೊಟ್ಟಿ ಎನ್ನಲಾಗದು. ಕಾರ್ತಿಯೆ ಆಭರಣದ ಮನೆತನ. ಅವರ ಹಳೆಯ ವಾಚುಗಳ ಮಷೀನಿನ ಮೇಲೆ ಯುರೋಪಿಯನ್ ವಾಚ್ ಆ್ಯಂಡ್ ಕ್ಲಾಕ್ ಕಂಪನಿ ಎಂದಿರುತ್ತದೆ, ಅದನ್ನು ಮಾಡಿಕೊಟ್ಟದ್ದು ಲೆಕೂಲ್ಟ್ರ್. ಅದು ಸರಿಯಾದ ಜೋಡಿ. ಯಾವ ಕಾಲದಲ್ಲಿ ಯಾರು ಯಾರಿಗೆ ಮಷೀನು ಕೊಡುತ್ತಿದ್ದರು ಎಂಬುದನ್ನು ತಿಳಿದುಕೊಂಡಷ್ಟೂ ತೀರ್ಪು ಗಟ್ಟಿಯಾಗುತ್ತದೆ. ಸಂಗ್ರಹದ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಇದೇ. ಇದಕ್ಕೆ ದುಡ್ಡು ಬೇಕಿಲ್ಲ, ಓದುವ ತಾಳ್ಮೆ ಸಾಕು.

ಪಾಟೆಕ್ ಫಿಲಿಪ್, ವಾಶೆರೋನ್‌ನಂಥ ಕಂಪನಿಗಳು ಹಳೆಯ ದಫ್ತರ ಇಟ್ಟಿವೆ. ಶುಲ್ಕ ಕಟ್ಟಿ ಮಷೀನಿನ ಸಂಖ್ಯೆ, ಕೇಸಿನ ಸಂಖ್ಯೆ ಕೊಟ್ಟರೆ ಅವು ಯಾವ ಮಾದರಿಯವು, ಯಾವ ವರ್ಷದವು ಎಂದು ಬರೆದುಕೊಡುತ್ತಾರೆ. ಆ ಕಾಗದ ಬಹಳ ಮುಖ್ಯ, ಆದರೆ ಅದನ್ನು ಓದುವ ಕ್ರಮ ಗೊತ್ತಿರಬೇಕು. ಆ ಸಂಖ್ಯೆಯ ವಾಚೊಂದನ್ನು ಇಪ್ಪತ್ತು ಡಾಲರಿನ ನಾಣ್ಯದ ಕೇಸಿನಲ್ಲಿ ಮಾಡಿದ್ದೆವು ಎಂದಿದ್ದರೆ ಒಳ್ಳೆಯ ಸುದ್ದಿ. ಮಷೀನಿನ ಸಂಖ್ಯೆ ನಮ್ಮದೇ, ಆದರೆ ಅದು ಹೋದದ್ದು ಸಾದಾ ಕೈವಾಚಿಗೆ ಎಂದಿದ್ದರೆ ಮಷೀನು ಖರೇ, ವಾಚು ಕೂಡಿಸಿದ ಮಾಲು.

ಹಾಗಾಗಿ ಮೂರನೆಯದಾದ ಈ ಕೂಡಿಕೆಯೇ ನಿರ್ಣಾಯಕ. ಗುಪ್ತ ವಾಚಿನಲ್ಲಿ ಮೂರು ಕಡೆ ನೋಡುತ್ತೇನೆ: ಕೂಡುಗೆರೆ, ಕೀಲು, ಗುಂಡಿ. ಒಳ್ಳೆಯ ಕೆಲಸದಲ್ಲಿ ಮುಚ್ಚಿದಾಗ ಕೂಡುಗೆರೆ ಬರಿಗಣ್ಣಿಗೆ ಕಾಣುವುದಿಲ್ಲ. ಮೇಲಿನ ಹೋಳಿನ ಗೀರು ಕೆಳಗಿನ ಹೋಳಿನ ಗೀರಿಗೆ ಒಂದಕ್ಕೊಂದು ಕೂಡಿಕೊಂಡಿರುತ್ತದೆ. ಕೀಲು ಹೊರಕ್ಕೆ ಚಾಚಿರುವುದಿಲ್ಲ. ಒತ್ತುವ ಗುಂಡಿ ಗೀರುಗಳ ನಡುವೆ ಇನ್ನೊಂದು ಗೀರಾಗಿಯೇ ಇರುತ್ತದೆ. ಬೆಸುಗೆಯ ಕಾವಿಗೆ ನಾಣ್ಯದ ಮೈ ಮಂಕಾಗಿದ್ದರೆ, ಬೇರೆ ಬಣ್ಣದ ಬೆಸುಗೆ ಕಂಡರೆ, ಮುಚ್ಚಳ ಅಲುಗಾಡಿದರೆ ಅದು ಆ ದರ್ಜೆಯ ಕೈಗಳ ಕೆಲಸವಲ್ಲ.

ನಾಣ್ಯವೇ ಡಯಲ್ಲಾಗಿರುವ ವಾಚಿನಲ್ಲಿ ನಡುವಿನ ತೂತು ಮಾತಾಡುತ್ತದೆ. ಮುಳ್ಳು ತೆಗೆಸಿ ಲೆನ್ಸಿನಲ್ಲಿ ನೋಡಿ. ಬೆಳ್ಳಿ ರೂಪಾಯಿಯ ಮೈಯೆಲ್ಲ ಕಪ್ಪು ಹಿಡಿದು ತೂತಿನ ಒಳಗೋಡೆ ಮಾತ್ರ ಹೊಸ ಬೆಳ್ಳಿಯ ಹೊಳಪಿನಲ್ಲಿದ್ದರೆ ಕೊರೆದದ್ದು ಇತ್ತೀಚೆಗೆ. ಗಂಧಕದ ಹೊಗೆ ಕೊಟ್ಟು ಬೆಳ್ಳಿಯನ್ನು ಒಂದೇ ದಿನದಲ್ಲಿ ಹಳತು ಮಾಡುವವರಿದ್ದಾರೆ. ಆ ಕಪ್ಪು ಎಲ್ಲ ಕಡೆ ಒಂದೇ ಸಮ ಕೂತಿರುತ್ತದೆ, ಬೆರಳು ತಾಗುವ ಉಬ್ಬಿನಲ್ಲೂ ಅಕ್ಷರಗಳ ಸಂದಿಯಲ್ಲೂ ವ್ಯತ್ಯಾಸವಿರುವುದಿಲ್ಲ. ಬಳಕೆಯಿಂದ ಬಂದ ಹಳತನ ಹಾಗಿರುವುದಿಲ್ಲ. ಹಳೆಯ ನಾಣ್ಯಕ್ಕೆ ಹೊಸ ಮಷೀನು ಹಾಕಿ ಬಹಿರಂಗವಾಗಿಯೇ ಮಾರುವ ಕಂಪನಿಗಳಿವೆ, ಜೈಪುರ್ ವಾಚ್ ಕಂಪನಿ ಅಂಥದ್ದು. ಅದರಲ್ಲಿ ತಪ್ಪೇನಿಲ್ಲ. ಇಂದು ಮಾಡಿದ್ದನ್ನು ಅಜ್ಜನ ಕಾಲದ್ದು ಎಂದು ಮಾರುವುದು ತಪ್ಪು.

ನಮ್ಮ ಕಡೆಯ ಜಿಲ್ಲೆಗಳಲ್ಲಿ ಸಿಗುವ ನಾಣ್ಯಗಳಿಗೆ ಒಂದು ವಿಶೇಷವಿದೆ. ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು, 1953ರಲ್ಲಿ ಮೈಸೂರಿಗೆ ಬಂತು. ರಾಯಚೂರು, ಕೊಪ್ಪಳ ಸೀಮೆ ನಿಜಾಮರದು, 1956ರಲ್ಲಿ ಬಂತು. ಹಾಗಾಗಿ ಬಳ್ಳಾರಿಯ ಮನೆಗಳಲ್ಲಿ ಕಲ್ದಾರ್ ರೂಪಾಯಿ, ಅಂದರೆ ಬ್ರಿಟಿಷ್ ಸರ್ಕಾರದ್ದು. ಆಚೆ ಕಡೆಯ ಮನೆಗಳಲ್ಲಿ ನಿಜಾಮರ ಹಾಲಿ ಸಿಕ್ಕಾ. ಕಲ್ದಾರ್ ತೂಕ 11.66 ಗ್ರಾಂ, ಕರಾರುವಾಕ್ಕಾಗಿ ಒಂದು ತೊಲ. ಪತ್ತಾರರು ತಕ್ಕಡಿಗೆ ಬಟ್ಟಾಗಿ ಇದನ್ನೇ ಇಟ್ಟುಕೊಳ್ಳುತ್ತಿದ್ದರು. ಸಾವಿರಕ್ಕೆ 917 ಪಾಲು ಬೆಳ್ಳಿ. ಹಾಲಿ ಸಿಕ್ಕಾ 11.18 ಗ್ರಾಂ, ಬೆಳ್ಳಿ 818 ಪಾಲು. ಆರು ಕಲ್ದಾರಿಗೆ ಏಳು ಹಾಲಿ ಎಂಬ ಲೆಕ್ಕ ನಡೆಯುತ್ತಿತ್ತು. ಚಾರ್‌ಮಿನಾರ್ ಚಿತ್ರದ ಯುದ್ಧಪೂರ್ವದ ರೂಪಾಯಿಗೆ ಕ್ಯಾರೆಟ್ ಮಷೀನು 917 ತೋರಿಸಿದರೆ ಅದು ನಿಜಾಮರ ಟಂಕಸಾಲೆಯ ಬೆಳ್ಳಿಯಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಎರಡೂ ಕಡೆ ಬೆಳ್ಳಿ ಇಳಿಯಿತು: ಆರನೇ ಜಾರ್ಜ್ ದೊರೆಯ 1940ರ ದಶಕದ ಮೊದಲರ್ಧದ ರೂಪಾಯಿಯಲ್ಲಿ ಅರ್ಧಕ್ಕರ್ಧ ಬೆಳ್ಳಿ. 1947ರ ಹುಲಿ ಚಿತ್ರದ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಆದರೆ ವಾಚಾಗಿರುವ ನಾಣ್ಯಕ್ಕೆ ಅಯಸ್ಕಾಂತ ಹಿಡಿದು ಪರೀಕ್ಷಿಸಬೇಡಿ. ಒಳಗಿನ ಮಷೀನಿನ ಉಕ್ಕಿನ ಸ್ಪ್ರಿಂಗು ಅಯಸ್ಕಾಂತವಾಗಿ ಸಮಯ ಕೆಡುತ್ತದೆ. ಡಯಲ್ಲು ಬಿಚ್ಚಿದ ಮೇಲೆ ನಾಣ್ಯವನ್ನಷ್ಟೆ ಹಿಡಿಯಿರಿ.

ಗಂಗಾವತಿಯ ಹಿರಿಯರೊಬ್ಬರು ಒಮ್ಮೆ ಚಾರ್‌ಮಿನಾರ್ ರೂಪಾಯಿಯ ವಾಚು ತೋರಿಸಿದ್ದರು. ಮಾರಿದವನು ಅದರ ಮೇಲಿನ ಉರ್ದು ಅಂಕಿ ಓದಿಸಿ 1330 ಎಂದು ಹೇಳಿದ್ದ.

"ಏಳುನೂರು ವರ್ಷದ್ದಂತ್ರಿ. ಆನೆಗೊಂದಿ ಅರಸರಿಗಿಂತ ಮೊದಲಿನದಂತ."

"ಯಜಮಾನ್ರ, ಅದು ಹಿಜರಿ ಇಸವಿ. ನಮ್ಮ ಲೆಕ್ಕದಾಗ 1912 ಆಕ್ಕೈತ್ರಿ. ಚಾರ್‌ಮಿನಾರ್ ಕಟ್ಟಿದ್ದ 1591ರಾಗ."

ಅವರು ನಾಣ್ಯವನ್ನು ತಿರುಗಿಸಿ ನೋಡಿ, "ಹಂಗಾದ್ರ ಗುಮ್ಮಟ ಇನ್ನೂ ಕಟ್ಟಿಲ್ಲದಾಗ ಚಿತ್ರ ಹೆಂಗ ಬಂತು ಅಂತ ನಾನss ಕೇಳಬೇಕಿತ್ತು" ಎಂದರು. ಅವರು ಹೇಳಿದ್ದು ಸರಿಯಾದ ಪರೀಕ್ಷೆ. ನಾಣ್ಯ ಖರೇ ಇತ್ತು, ಒಳಗಿನದು ಬ್ಯಾಟರಿ ಮಷೀನು.

ಹಂಪಿಯ ಹೆಸರು ಹೇಳಿ ಬರುವ ವಾಚುಗಳದು ಬೇರೆಯೇ ಕಥೆ. ವಿಜಯನಗರದ ವರಹದ ತೂಕ ಸುಮಾರು 3.4 ಗ್ರಾಂ, ಅಗಲ ಹನ್ನೆರಡು ಮಿಲಿಮೀಟರಿನ ಆಸುಪಾಸು. ಲೋಕದಲ್ಲೇ ಅತಿ ಸಣ್ಣದೆಂದು ಹೆಸರಾದ ಚಾವಿ ಮಷೀನು, 1929ರಲ್ಲಿ ಬಂದ ಲೆಕೂಲ್ಟ್ರ್ 101, ಉದ್ದವೇ 14 ಮಿಲಿಮೀಟರ್, ದಪ್ಪ 3.4. ವರಹದೊಳಗೆ ಗಡಿಯಾರ ಹೋಗಲಾರದು. "ವರಹದ ವಾಚು" ಎಂದರೆ ಯಾವುದೋ ವಾಚಿನ ಡಯಲ್ಲಿಗೆ ವರಹವನ್ನೋ ವರಹದ ನಕಲನ್ನೋ ಅಂಟಿಸಿದ್ದು, ಅಷ್ಟೆ. ಇನ್ನು ಈಸ್ಟ್ ಇಂಡಿಯಾ ಕಂಪನಿಯ ಹೆಸರಿನಲ್ಲಿ ರಾಮ, ಸೀತೆ, ಹನುಮಂತ ಇರುವ, 1818 ಎಂದೋ 1717 ಎಂದೋ 1616 ಎಂದೋ ಬರೆದ ತಾಮ್ರದ ಬಿಲ್ಲೆಗಳು. ಕಂಪನಿ ಸರ್ಕಾರ ಇವನ್ನು ಯಾವತ್ತೂ ಟಂಕಿಸಿಲ್ಲ. ಇವನ್ನು ಡಯಲ್ಲು ಮಾಡಿದ ವಾಚೂ ಬಂದಿದೆ. ಇದೇ ಬಿಲ್ಲೆಗೆ ಅಕ್ಕಿ ಸೆಳೆಯುವ ಶಕ್ತಿಯಿದೆ, ಕೋಟಿ ಬೆಲೆಯಿದೆ ಎಂದು ರೈಸ್ ಪುಲ್ಲಿಂಗ್ ಹೆಸರಿನಲ್ಲಿ ಹೊಲ ಮಾರಿಸಿದವರೂ ಇದ್ದಾರೆ. ವಾಚು ನೋಡಲು ಬಂದವರು ಅಕ್ಕಿಯ ಮಾತು ಎತ್ತಿದರೆ ಎದ್ದು ಬನ್ನಿ, ಪೊಲೀಸರಿಗೆ ತಿಳಿಸಿ.

ಕಥೆ ಹೇಳುವವರು ಊರಿಗೆ ತಕ್ಕಂತೆ ಹೇಳುತ್ತಾರೆ: ರಾಯಚೂರಿನಲ್ಲಿ ನಿಜಾಮರ ತಾಲ್ಲೂಕ್‌ದಾರರದು, ಬಳ್ಳಾರಿಯಲ್ಲಿ ಕಲೆಕ್ಟರ್ ದೊರೆಯದು, ಹೊಸಪೇಟೆಯಲ್ಲಿ ಅಗೆಯುವಾಗ ಸಿಕ್ಕಿದ್ದು. ಕಥೆಗೆ ಕಾಗದ ಬೇಕು: ರಸೀದಿ, ಹಳೆಯ ಫೋಟೊ, ವಿಲ್ಲು, ರಿಪೇರಿ ಚೀಟಿ. ಕಾಗದ ಇಲ್ಲದಿರುವುದಕ್ಕೂ ಕೆಲವೊಮ್ಮೆ ನ್ಯಾಯವಾದ ಕಾರಣವಿರುತ್ತದೆ. 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರವರೆಗೆ ಜಾರಿಯಲ್ಲಿತ್ತು, ವಿದೇಶಿ ವಾಚು ತರಿಸುವುದಕ್ಕೂ ಕಟ್ಟುನಿಟ್ಟಿತ್ತು. ಆ ಕಾಲದಲ್ಲಿ ಬಂದ ಬಂಗಾರದ ವಾಚಿಗೆ ರಸೀದಿ ಸಿಗುವುದು ಅಪರೂಪ. ಅಂಥದ್ದಕ್ಕೆ ಕಥೆಯ ಬೆಲೆ ಕೊಡದೆ ವಸ್ತುವಿನ ಬೆಲೆಯಷ್ಟೆ ಕೊಡಬೇಕು. "ಅಗೆಯುವಾಗ ಸಿಕ್ಕಿದ್ದು" ಎಂದರೆ ಕೊಳ್ಳಲೇಬಾರದು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತದೆ, ಅಂಥದ್ದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವ ಹಾಗಿಲ್ಲ, ವ್ಯಾಪಾರ ಮಾಡುವವರಿಗೆ ಲೈಸೆನ್ಸು ಬೇಕು. ದುಬೈನಲ್ಲಿ ಗಿರಾಕಿ ಇದ್ದಾನೆ ಎಂದು ಆಸೆ ತೋರಿಸುವ ದಲ್ಲಾಳಿಗಳು ಇದನ್ನು ಹೇಳುವುದಿಲ್ಲ.

ಕೊಳ್ಳುವುದೇ ಆದರೆ ಮುಚ್ಚಳ ತೆರೆದು ಮಷೀನು ತೋರಿಸಲು ಒಪ್ಪದವರಿಂದ ಕೊಳ್ಳಬೇಡಿ. ತೆಳು ಮಷೀನು ಬಲ್ಲ ರಿಪೇರಿಯವರನ್ನು ಜೊತೆಗೆ ಕರೆದೊಯ್ಯಿರಿ. ನಮ್ಮ ಊರುಗಳಲ್ಲಿ ಸಿಗದಿದ್ದರೆ ಬೆಂಗಳೂರು ಇಲ್ಲವೆ ಹೈದರಾಬಾದಿನವರನ್ನು ಹುಡುಕಿರಿ. ರಸೀದಿಯಲ್ಲಿ "ನಾಣ್ಯದ ವಾಚು" ಎಂದಷ್ಟೇ ಬರೆಸಿದರೆ ನಾಳೆ ಜಗಳಕ್ಕೆ ಆಧಾರವಿಲ್ಲ. ನಾಣ್ಯದ ದೇಶ, ಇಸವಿ, ಕ್ಯಾರೆಟ್ ಮಷೀನಿನ ಓದು, ಮಷೀನಿನ ಹೆಸರು ಮತ್ತು ಸಂಖ್ಯೆ, ಡಯಲ್ಲು ಮೂಲದ್ದೋ ಬಳಿದದ್ದೋ, ಎಲ್ಲವನ್ನೂ ಬರೆಸಿ ಸಹಿ ಮಾಡಿಸಿ. ಖರೇ ಮಾಲು ಇಟ್ಟವರು ಇದಕ್ಕೆ ಹಿಂಜರಿಯುವುದಿಲ್ಲ.

ಕೊಂಡ ಮೇಲೆ ನಮ್ಮ ಹವೆಯ ಲೆಕ್ಕವೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮಷೀನಿನ ಎಣ್ಣೆ ಬೇಗ ಒಣಗುತ್ತದೆ. ಸಂಡೂರು ಕಡೆಯ ಕೆಂಪು ಧೂಳು ಕೂಡುಗೆರೆಯ ಸಂದಿಯಿಂದಲೂ ಒಳಗೆ ಇಳಿಯುತ್ತದೆ. ಒಂದೂವರೆ ಮಿಲಿಮೀಟರಿನ ಮಷೀನಿನಲ್ಲಿ ಗಾಲಿಗಳ ನಡುವಿನ ಅಂತರ ಎಷ್ಟು ಕಡಿಮೆಯೆಂದರೆ ಒಂದು ಕಣ ಸಾಕು, ವಾಚು ನಿಲ್ಲುತ್ತದೆ. ಜೇಬಿನಲ್ಲಿ ಚಿಲ್ಲರೆಯ ಜೊತೆ ಇಡಬಾರದು, ಮುಖದ ಮೇಲೆ ಹೆಬ್ಬೆರಳು ಒತ್ತಿ ಮುಚ್ಚಬಾರದು. ಮುಚ್ಚಳ ಬಗ್ಗಿ ಗಾಜಿಗೆ ತಾಗಿದರೆ ಮುಳ್ಳು ಸಿಕ್ಕಿಕೊಳ್ಳುತ್ತದೆ. ಚಾವಿ ಕೊಡುವಾಗ ಬಿಗಿಯಾಯಿತು ಎನ್ನಿಸಿದಲ್ಲಿಗೆ ನಿಲ್ಲಿಸಬೇಕು. ತಿಂಗಳುಗಟ್ಟಲೆ ಓಡಿಸದೆ ಇಟ್ಟಿದ್ದರೆ ಚಾವಿ ಕೊಡುವ ಮೊದಲು ಎಣ್ಣೆ ನೋಡಿಸುವುದು ಒಳ್ಳೆಯದು. ಒಣಗಿದ ಮಷೀನನ್ನು ಓಡಿಸಿದರೆ ಸವೆಯುವ ಭಾಗಗಳಿಗೆ ಬದಲಿ ಇಂದು ಅಂಗಡಿಯಲ್ಲಿ ಸಿಗುವುದಿಲ್ಲ, ಒಂದೊಂದನ್ನೂ ಕೈಯಲ್ಲಿ ಕಡೆಸಬೇಕಾಗುತ್ತದೆ.